ಗೋಡೆಯ ಮೇಲಣ ಚೀಟಿ

ಒಬ್ಬನೇ ಮಾಡುವ ಕೆಲಸಕ್ಕೆ ಜ್ಞಾಪಕಶಕ್ತಿಯೊಂದಿದ್ದರೆ ಸಾಕು. ಹತ್ತು ಮಂದಿ ಕೂಡಿ ಮಾಡುವ ಕೆಲಸಕ್ಕೆ ಅದು ಸಾಲದು. ಮದುವೆಯ ಮನೆಯಲ್ಲಿ ಈ ಸತ್ಯ ಎಲ್ಲರ ಅನುಭವಕ್ಕೂ ಬರುತ್ತದೆ. ಬಾಳೆಯೆಲೆಯನ್ನು ಮೂವರು ತಂದಿರುತ್ತಾರೆ. ತೆಂಗಿನಕಾಯಿಯನ್ನು ಒಬ್ಬರೂ ತಂದಿರುವುದಿಲ್ಲ. ಇದು ಸೋಮಾರಿತನದ ಫಲವಲ್ಲ. ಯಾರು ಏನು ಮಾಡುತ್ತಿದ್ದಾರೆಂಬುದು ಯಾರಿಗೂ ಕಾಣದಿರುವುದರ ಫಲ.

ಗಣಕಯಂತ್ರಗಳಿಗೆ ತಂತ್ರಾಂಶವನ್ನು ರಚಿಸುವವರನ್ನು ಬಹುಕಾಲ ಕಾಡಿದ ಕಷ್ಟವೂ ಇದೇ. ಕಟ್ಟಡವಾದರೆ ಎಷ್ಟು ಎದ್ದಿದೆಯೆಂಬುದನ್ನು ದಾರಿಹೋಕನೂ ಹೇಳಬಲ್ಲ. ತಂತ್ರಾಂಶವಾದರೋ ಕಣ್ಣಿಗೆ ಕಾಣುವ ವಸ್ತುವಲ್ಲ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ಸಂಸ್ಥಾನದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ 17 ಮಂದಿ ತಜ್ಞರು ಕೂಡಿ ಒಂದು ಪುಟ್ಟ ಪ್ರಣಾಳಿಕೆಯನ್ನು ರಚಿಸಿದರು. ‘ಅಜೈಲ್’ ಎಂಬ ಹೆಸರು ರೂಢಿಗೆ ಬಂದದ್ದು ಅದರಿಂದ. ವರ್ಷಗಳ ಯೋಜನೆಗೆ ಕಟ್ಟುಬೀಳದೆ, ಕೆಲವೇ ವಾರಗಳಲ್ಲಿ ಸ್ವಲ್ಪ ಮಾಡಿ, ಬಳಸುವವರಿಗೆ ತೋರಿಸಿ, ತಿದ್ದಿಕೊಂಡು ಮುಂದುವರಿಯುವುದು ಅದರ ಮರ್ಮ. ಉಪಕರಣಗಳಿಗಿಂತ ಮನುಷ್ಯರೂ ಅವರ ಪರಸ್ಪರ ಮಾತುಕತೆಯೂ ದೊಡ್ಡವು ಎಂಬುದು ಅದರ ಮೊದಲನೆಯ ತತ್ತ್ವ.

ಹೀಗಿದ್ದರೂ ಉಪಕರಣವಿಲ್ಲದೆ ನಡೆಯಲಿಲ್ಲ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ತಾಯಿಚಿ ಓನೋ ಎಂಬವರು ರೂಢಿಗೆ ತಂದ ‘ಕಾನ್‌ಬಾನ್’ ಪದ್ಧತಿಯನ್ನು ಈ ತಂಡಗಳು ಎರವಲು ಪಡೆದವು. ಆ ಮಾತಿಗೆ ‘ಫಲಕ’ವೆಂದು ಅರ್ಥ. ಬೇಕೆಂಬ ಚೀಟಿ ಬಂದ ಹೊರತು ಹೊಸ ಬಿಡಿಭಾಗವನ್ನು ತಯಾರಿಸಕೂಡದೆಂಬುದು ಕಾರ್ಖಾನೆಯ ನಿಯಮ. ತಂತ್ರಾಂಶದವರು ಗೋಡೆಯ ಮೇಲೆ ಮೂರು ಅಂಕಣಗಳನ್ನು ಎಳೆದರು: ಮಾಡಬೇಕಾದುದು, ನಡೆಯುತ್ತಿರುವುದು, ಮುಗಿದುದು. ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ. ಸ್ವಾರಸ್ಯವಿರುವುದು ನಡುವಣ ಅಂಕಣದಲ್ಲಿ. ಅಲ್ಲಿ ಇಷ್ಟೇ ಚೀಟಿಗಳಿರಬೇಕೆಂಬ ಮಿತಿಯುಂಟು. ಕೈಹಿಡಿದುದನ್ನು ಮುಗಿಸದೆ ಹೊಸದಕ್ಕೆ ಕೈಹಾಕುವಂತಿಲ್ಲ. ಹತ್ತು ಕೆಲಸಗಳನ್ನು ಅರ್ಧರ್ಧ ಮಾಡಿಟ್ಟವನಿಗೆ ಗೋಡೆಯೇ ಬುದ್ಧಿ ಹೇಳುತ್ತದೆ!

ತಿಳಿವಳಿಕೆಯನ್ನು ಕೂಡಿಡುವ ಸಾಧನವೊಂದು ಇನ್ನೂ ಮೊದಲೇ ಹುಟ್ಟಿತ್ತು. ಯಾರು ಬೇಕಾದರೂ ತಿದ್ದಬಹುದಾದ ಪುಟಗಳನ್ನು 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬವರು ನಿರ್ಮಿಸಿ ‘ವಿಕಿ’ ಎಂದು ಕರೆದರು. ಹವಾಯಿ ಭಾಷೆಯಲ್ಲಿ ಅದಕ್ಕೆ ‘ಬೇಗ’ ಎಂದರ್ಥ. ಹೊನೊಲುಲು ವಿಮಾನನಿಲ್ದಾಣದ ಬಸ್ಸಿನಿಂದ ಎತ್ತಿಕೊಂಡ ಹೆಸರು. ಆ 17 ಮಂದಿಯಲ್ಲಿ ಇವರೂ ಒಬ್ಬರು. ನಮ್ಮ ಮಕ್ಕಳು ದಿನವೂ ತೆರೆಯುವ ವಿಕಿಪೀಡಿಯ ಇದೇ ಬೀಜದ ಮರ.

ಆದರೆ ಬೆಂಗಳೂರು ಮಲಗುವ ಹೊತ್ತಿಗೆ ಕ್ಯಾಲಿಫೋರ್ನಿಯ ಏಳುತ್ತದೆ. ಒಂದೇ ತಂಡದವರು ಎರಡು ಖಂಡಗಳಲ್ಲಿರುವಾಗ ಕಾಗದದ ಗೋಡೆ ಇಬ್ಬರಿಗೂ ಕಾಣುವುದೆಂತು? ಚೀಟಿಗಳು ಪರದೆಯೊಳಕ್ಕೆ ಹೋದವು. ಆಸ್ಟ್ರೇಲಿಯದಲ್ಲಿ 2002ರಲ್ಲಿ ಹುಟ್ಟಿದ ‘ಜೀರಾ’ ಅಂಥ ಸಾಧನಗಳಲ್ಲೊಂದು. ಜಪಾನಿನ ಚಲಚ್ಚಿತ್ರದ ದೈತ್ಯ ‘ಗೋಜಿರಾ’ನ ಹೆಸರನ್ನು ಮೊಟಕುಗೊಳಿಸಿ ಇಟ್ಟ ನಾಮಧೇಯವಿದು.

ಇಲ್ಲಿಂದ ಮುಂದೆ ಎಚ್ಚರ ಬೇಕು. ಗೋಡೆಯಲ್ಲಿ ಜಾಗ ಕಡಿಮೆ. ಪರದೆಯಲ್ಲಿ ಜಾಗಕ್ಕೆ ಕೊನೆಯೇ ಇಲ್ಲ. ಚೀಟಿಗಳು ನೂರಾಗಿ, ಸಾವಿರವಾಗಿ ಬೆಳೆಯುತ್ತವೆ. ಪರದೆಗೆ ಎಣಿಸುವ ವಿದ್ಯೆಯೂ ಗೊತ್ತು. ಯಾರು ಎಷ್ಟು ಚೀಟಿ ಮುಗಿಸಿದರೆಂಬ ಲೆಕ್ಕ ಮೇಲಧಿಕಾರಿಯ ಕೈಸೇರಿದ ದಿನ, ಒಂದು ಕೆಲಸವನ್ನು ಐದಾಗಿ ಸೀಳಿ ಐದು ಚೀಟಿ ತೋರಿಸುವ ಚಾತುರ್ಯವೂ ಹುಟ್ಟುತ್ತದೆ. ‘ನಾನು ಇಲ್ಲಿ ಸಿಕ್ಕಿಬಿದ್ದಿದ್ದೇನೆ, ಬಂದು ನೋಡು’ ಎಂದು ಗೆಳೆಯನನ್ನು ಕರೆಯಬೇಕಾದವನು ಬಾಯಿ ಮುಚ್ಚಿಕೊಳ್ಳುತ್ತಾನೆ. ಸಹಾಯಕ್ಕೆಂದು ಹುಟ್ಟಿದ ಫಲಕ ಹಾಜರಿ ಪುಸ್ತಕವಾಗುತ್ತದೆ.

ಇದಕ್ಕೆ ಉಪಕರಣವನ್ನು ದೂಷಿಸಿ ಫಲವಿಲ್ಲ. ನಿಂತ ಕೆಲಸದ ಚೀಟಿಯನ್ನು ಕಂಡಾಗ ‘ಯಾರ ತಪ್ಪು?’ ಎನ್ನುವ ಕಚೇರಿಯುಂಟು. ‘ಯಾರ ಕೈ ಬಿಡುವಾಗಿದೆ?’ ಎನ್ನುವ ಕಚೇರಿಯೂ ಉಂಟು. ಫಲಕ ಎರಡು ಕಡೆಯೂ ಒಂದೇ. ನಿಮ್ಮ ಮಗನೋ ಸೊಸೆಯೋ ರಾತ್ರಿ ಹತ್ತರಲ್ಲಿ ಪರದೆಯ ಮುಂದೆ ಕುಳಿತು ಚೀಟಿ ಸರಿಸುತ್ತಿದ್ದರೆ, ಇವುಗಳಲ್ಲಿ ತಮ್ಮ ಕಚೇರಿ ಯಾವುದೆಂದು ಒಮ್ಮೆ ವಿಚಾರಿಸಿ ನೋಡಿ.