ಇಳಿಜಾರಿನ ಹುಲ್ಲುಹಾಸಿಗೆ ತಕ್ಕ ಯಂತ್ರ ಯಾವುದು?

ಹುಲ್ಲನ್ನು ಕೊಯ್ಯುವುದು ಒಕ್ಕಲುತನದಷ್ಟೇ ಹಳೆಯ ಕೆಲಸ. ಆದರೆ ದನಕರುಗಳ ಹೊಟ್ಟೆಗಾಗಿಯಲ್ಲದೆ ನೋಡುವವರ ಕಣ್ಣಿಗಾಗಿ ಹುಲ್ಲನ್ನು ಬೆಳೆಯಿಸಿ, ಅದನ್ನು ಒಂದೇ ಮಟ್ಟಕ್ಕೆ ಕತ್ತರಿಸಿಡುವ ರೂಢಿಯು ನಮ್ಮ ಸೀಮೆಗೆ ಹೊಸತು. ದಾಂಡೇಲಿಯ ಸಮೀಪದ ಮೌಳಂಗಿಯಲ್ಲಿ ಕಾಳೀ ನದಿಯ ದಡದ ಮೇಲೆ ಅರಣ್ಯ ಇಲಾಖೆಯ ಉದ್ಯಾನವುಂಟು. ನದಿಯನ್ನೂ ಕಾಡನ್ನೂ ನೋಡಲು ಬರುವ ಪ್ರವಾಸಿಗಳಿಗಾಗಿ ಆ ಸುತ್ತಿನ ಭೂಮಾಲಿಕರು ಅನೇಕರು ವಸತಿಗೃಹಗಳನ್ನು ಕಟ್ಟಿಸಿ, ಅವುಗಳ ಮುಂದೆ ಹುಲ್ಲುಹಾಸನ್ನು ಮಾಡಿಸಿದ್ದಾರೆ. ಇದು ತಪ್ಪಲ್ಲ, ಭೂಮಿಯಿಂದ ನಾಲ್ಕು ಕಾಸು ಹೆಚ್ಚಾಗಿ ಬರುವುದಾದರೆ ಬೇಡವೆನ್ನುವವರಾರು? ಆದರೆ ಇಲ್ಲಿಯ ಭೂಮಿಯು ಬಯಲುಸೀಮೆಯ ಕಣದಂತೆ ಸಮತಟ್ಟಾದುದಲ್ಲ. ಗುಡ್ಡದ ಓರೆಯಲ್ಲಿಯೂ ನದಿಗೆ ಇಳಿಯುವ ದಡದಲ್ಲಿಯೂ ಹುಲ್ಲು ಬೆಳೆದಿರುತ್ತದೆ. ಇಂಥ ಸ್ಥಳಕ್ಕೆ ಯಾವ ಯಂತ್ರವು ತಕ್ಕದ್ದೆಂಬುದನ್ನು ಕೊಳ್ಳುವ ಮೊದಲೇ ವಿಚಾರಮಾಡುವವರು ವಿರಳ.

ಯಂತ್ರವನ್ನು ನಾವು ಕೊಳ್ಳುವುದು ಅಂಗಡಿಯ ಸಮನೆಲದ ಮೇಲೆ, ಬಹುಶಃ ಬೇಸಗೆಯಲ್ಲಿ. ಅದು ದುಡಿಯಬೇಕಾದದ್ದಾದರೋ ಓರೆನೆಲದ ಮೇಲೆ, ಮಳೆಗಾಲದಲ್ಲಿ. ಜೂನ್ ತಿಂಗಳಿಂದ ಸಪ್ಟಂಬರದ ವರೆಗೆ ನಮ್ಮ ಕಡೆಯಲ್ಲಿ ಹುಲ್ಲು ಯಾವಾಗ ಅತಿಯಾಗಿ ಬೆಳೆಯುವುದೋ ಆಗಲೇ ನೆಲವು ಅತಿಯಾಗಿ ಜಾರುವುದು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡದವನು ಒಳ್ಳೆಯ ಬೆಲೆ ತೆತ್ತು ಕೆಟ್ಟ ಯಂತ್ರವನ್ನು ಮನೆಗೆ ತರುವನು. ಆದಕಾರಣ ನಮ್ಮ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇವೆ: ಯಂತ್ರವನ್ನು ಆರಿಸತಕ್ಕದ್ದು ತಮ್ಮ ಭೂಮಿಯ ಅತಿ ಕಡಿದಾದ ಜಾಗವನ್ನೂ ಅದನ್ನು ನಡೆಯಿಸುವ ಆಳಿನ ಮೈಕೈಯನ್ನೂ ನೋಡಿ, ಬೆಲೆಯನ್ನೂ ಅಂದವನ್ನೂ ನೋಡುವುದು ಆಮೇಲಿನ ಮಾತು.

ಹಾಗಾದರೆ ಮೊದಲನೆಯ ಕೆಲಸವು ಇಳಿಜಾರನ್ನು ಅಳೆಯುವುದು. ಇದಕ್ಕೆ ಇಂಜಿನಿಯರನ ಅವಶ್ಯಕತೆಯಿಲ್ಲ. ಹತ್ತು ಅಡಿ ಉದ್ದದ ನೆಟ್ಟನೆಯ ಬಿದಿರಿನ ಗಳವನ್ನು ತೆಗೆದುಕೊಂಡು, ಅದರ ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ, ಗೌಂಡಿಯ ರಸಮಟ್ಟವನ್ನು ಮೇಲಿಟ್ಟು ಗಳವನ್ನು ಸಮನಾಗಿ ಹಿಡಿಯಬೇಕು. ಇನ್ನೊಂದು ತುದಿಯಿಂದ ನೆಲದ ವರೆಗೆ ಎಷ್ಟು ಎತ್ತರವೆಂದು ಅಳೆದರೆ ಇಳಿಜಾರು ತಿಳಿಯುವುದು. ಆ ಎತ್ತರವು 1 ಅಡಿ 9 ಅಂಗುಲವಾದರೆ ಇಳಿಜಾರು 10 ಡಿಗ್ರಿ. 2 ಅಡಿ 8 ಅಂಗುಲವಾದರೆ 15 ಡಿಗ್ರಿ. 3 ಅಡಿ 8 ಅಂಗುಲವಾದರೆ 20. 4 ಅಡಿ 8 ಅಂಗುಲವಾದರೆ 25. 5 ಅಡಿ 9 ಅಂಗುಲವಾದರೆ 30 ಡಿಗ್ರಿ. ಹೀಗೆ ನಾಲ್ಕಾರು ಕಡೆ ಅಳೆದು ಅತಿ ಹೆಚ್ಚಿನ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಕಣ್ಣಳತೆಯನ್ನು ನಂಬಕೂಡದು, ಕೆಳಗೆ ನಿಂತು ನೋಡಿದವನಿಗೂ ಮೇಲೆ ನಿಂತು ನೋಡಿದವನಿಗೂ ಒಂದೇ ದಡವು ಬೇರೆ ಬೇರೆಯಾಗಿ ಕಾಣುವುದು.

ಇನ್ನು ಯಂತ್ರಗಳ ವಿಚಾರ. ಹುಲ್ಲುಹಾಸನ್ನು ಕತ್ತರಿಸುವ ಯಂತ್ರವನ್ನು ಮೊದಲು ಕಂಡುಹಿಡಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವನು, 1830ರಲ್ಲಿ. ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ಜುಂಗನ್ನು ಸವರುವ ಉರುಳೆಯನ್ನು ಕಂಡು ಅವನಿಗೆ ಈ ಯುಕ್ತಿ ಹೊಳೆಯಿತೆಂದು ಹೇಳುವರು. ಬಟ್ಟೆಯಂತೆ ಹಾಸಿದ ಸಮನೆಲಕ್ಕಾಗಿ ಹುಟ್ಟಿದ ಈ ಉರುಳೆಯಂತ್ರವು ಇಂದಿಗೂ ಅಂಥ ನೆಲಕ್ಕೇ ಸರಿ. ಮೊಣಕಾಲೆತ್ತರ ಬೆಳೆದ ಮಳೆಗಾಲದ ಹುಲ್ಲು ಅದರ ಬಾಯಿಗೆ ಸಿಗದೆ ಮಲಗಿಬಿಡುತ್ತದೆ. ಹರಳುಕಲ್ಲು ಸಿಕ್ಕರೆ ಅಲಗು ಮುಕ್ಕಾಗುತ್ತದೆ. ಅದರ ತರುವಾಯ ಬಂದ, ಅಡ್ಡಲಾಗಿ ತಿರುಗುವ ಅಲಗಿನ ನಾಲ್ಕುಗಾಲಿಯ ಯಂತ್ರವು ಒರಟು ಹುಲ್ಲನ್ನೂ ತಕ್ಕಮಟ್ಟಿಗೆ ಕತ್ತರಿಸುವುದು. ಪೇಟೆಯಲ್ಲಿ ಹೆಚ್ಚಾಗಿ ತೋರಿಸುವುದು ಇದನ್ನೇ.

ಆದರೆ ಗಾಲಿಯೆಂಬುದು ಉರುಳುವುದಕ್ಕಾಗಿಯೇ ಹುಟ್ಟಿದ್ದು. 35 ಕಿಲೋ ತೂಕದ ಯಂತ್ರವನ್ನು 20 ಡಿಗ್ರಿ ಇಳಿಜಾರಿನ ಮೇಲೆ ನಿಲ್ಲಿಸಿದರೆ ಸುಮಾರು 12 ಕಿಲೋ ಭಾರವು ಎಡೆಬಿಡದೆ ಅದನ್ನು ಕೆಳಕ್ಕೆ ಎಳೆಯುತ್ತಿರುತ್ತದೆ. ಒದ್ದೆ ಹುಲ್ಲಿನ ಮೇಲೆ ನಿಂತ ಆಳು ತನ್ನ ಮೈಯನ್ನೂ ಹಿಡಿದುಕೊಂಡು ಈ ಭಾರವನ್ನೂ ಹಿಡಿಯಬೇಕು. ಕಾಲು ಜಾರಿದರೆ ತಿರುಗುತ್ತಿರುವ ಅಲಗು ಒಂದು ಮೊಳದಷ್ಟು ದೂರದಲ್ಲಿದೆ. ಆದದರಿಂದ ತಳ್ಳುವ ಯಂತ್ರವನ್ನು 15 ಡಿಗ್ರಿಯ ಒಳಗಿನ ಇಳಿಜಾರಿನಲ್ಲಿ ಮಾತ್ರ ಉಪಯೋಗಿಸತಕ್ಕದ್ದು. ಅಲ್ಲಿಯೂ ಮೇಲಕ್ಕೆ ಕೆಳಕ್ಕೆ ನಡೆಯಿಸದೆ ಇಳಿಜಾರಿಗೆ ಅಡ್ಡವಾಗಿಯೇ ನಡೆಯಿಸಬೇಕು. ಏಕೆಂದರೆ ಹತ್ತುವಾಗ ಯಂತ್ರವು ಹಿಂದಕ್ಕೆ ಬಂದು ಆಳಿನ ಕಾಲ ಮೇಲೆ ಕೂಡ್ರುವುದು. ಇಳಿಯುವಾಗ ಅವನನ್ನೇ ಎಳೆದುಕೊಂಡು ಹೋಗುವುದು. ಮೇಲೆ ಕುಳಿತು ನಡೆಯಿಸುವ ದೊಡ್ಡ ಯಂತ್ರಕ್ಕೆ ನಿಯಮವು ಇದಕ್ಕೆ ವಿರುದ್ಧವಾದುದು: ಅದು ಅಡ್ಡವಾಗಿ ಹೋದರೆ ಮಗುಚುವುದರಿಂದ ನೆಟ್ಟಗೆ ಮೇಲಕ್ಕೂ ಕೆಳಕ್ಕೂ ಹೋಗಬೇಕು, ತಯಾರಿಸುವವರು ಸಾಮಾನ್ಯವಾಗಿ ಅದಕ್ಕೂ 15 ಡಿಗ್ರಿಯನ್ನೇ ಕೊನೆಯ ಮಿತಿಯೆಂದು ಹೇಳುತ್ತಾರೆ. ನದೀತೀರದ ಓರೆಗೆ ಈ ಜಾತಿಯ ಯಂತ್ರವನ್ನು ತರುವ ವಿಚಾರವನ್ನೇ ಬಿಡುವುದು ಲೇಸು.

ಇಂಜಿನ್ನಿನ ಒಳಗಿನ ಸಂಗತಿಯೊಂದನ್ನೂ ಭೂಮಾಲಿಕರು ತಿಳಿದಿರಬೇಕು. ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಎಣ್ಣೆಯು ತಳದ ತೊಟ್ಟಿಯಲ್ಲಿ ನಿಂತಿದ್ದು, ಅಲ್ಲಿಂದ ಚಿಮ್ಮಿ ಒಳಗಿನ ಭಾಗಗಳನ್ನು ನೆನೆಯಿಸುತ್ತದೆ. ಯಂತ್ರವನ್ನು ಬಹಳ ಹೊತ್ತು ಓರೆಯಾಗಿ ನಡೆಯಿಸಿದರೆ ಎಣ್ಣೆಯು ಒಂದು ಮಗ್ಗುಲಿಗೆ ಸರಿದು, ಬೇಕಾದ ಕಡೆಗೆ ತಲುಪದೆ, ಇಂಜಿನ್ನು ಒಳಗೊಳಗೇ ಸುಟ್ಟುಹೋಗುವುದು. ಹೊರಗೆ ಏನೂ ಕಾಣದಿರುವುದರಿಂದ ಮಾಲಿಕನು ಆಳನ್ನು ಬಯ್ಯುವನು. ತಪ್ಪು ಆಳಿನದಲ್ಲ, ಆಯ್ಕೆಯದು. ಎರಡು ಹೊಡೆತದ ಇಂಜಿನ್ನಿಗೆ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸಿ ಕೊಡುವುದರಿಂದ ಅದು ಹೇಗೆ ಓರೆಯಾದರೂ ಕೆಡದು. ಎಲ್ಲ ಭಂಗಿಗಳಲ್ಲಿಯೂ ನಡೆಯುವಂತೆ ರಚಿಸಿದ ಚಿಕ್ಕ ನಾಲ್ಕು ಹೊಡೆತದ ಇಂಜಿನ್ನುಗಳೂ ಈಗ ದೊರೆಯುತ್ತವೆ; ಅವುಗಳ ಹೊಗೆ ಕಡಿಮೆ. ಬ್ಯಾಟರಿಯಿಂದ ನಡೆಯುವವುಗಳಿಗೆ ಎಣ್ಣೆಯ ಚಿಂತೆಯೇ ಇಲ್ಲ. ಆದರೆ ಎಕರೆಗಟ್ಟಲೆ ಕೆಲಸವಿದ್ದಲ್ಲಿ ಒಂದೇ ಬ್ಯಾಟರಿ ಸಾಲದು.

ವಿಲಾಯತಿಯಲ್ಲಿ ದಡಗಳನ್ನು ಕತ್ತರಿಸಲು ಗಾಳಿಯ ಮೆತ್ತೆಯ ಮೇಲೆ ತೇಲುವ ಗಾಲಿಯಿಲ್ಲದ ಯಂತ್ರವೊಂದುಂಟು. ಸ್ವೀಡನ್ನಿನ ಕಾರ್ಲ್ ದಾಲ್ಮನ್ ಎಂಬವನು 1960ರ ದಶಕದಲ್ಲಿ ಅದನ್ನು ರಚಿಸಿದನು. ದಡದ ಮೇಲೆ ನಿಂತು ಹಗ್ಗದಿಂದ ಕೆಳಗಿಳಿಸಿ ಎಳೆಯುತ್ತ ಅದನ್ನು ನಡೆಯಿಸುವುದುಂಟು. ಕೇಳಲು ಚೆನ್ನಾಗಿದ್ದರೂ ಅದು ತೇಲಬೇಕಾದರೆ ನೆಲವು ನುಣುಪಾಗಿಯೂ ಹುಲ್ಲು ಗಿಡ್ಡದಾಗಿಯೂ ಇರಬೇಕು. ಕಲ್ಲು, ಬೇರು, ಹುತ್ತಗಳಿಂದ ಕೂಡಿದ ನಮ್ಮ ಓರೆಗೆ ಅದು ಒಗ್ಗದು.

ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಉಳಿಯುವುದು ಹೆಗಲಿಗೆ ಹಾಕಿಕೊಳ್ಳುವ ಕಳೆ ಕೊಚ್ಚುವ ಯಂತ್ರ. ಅಡಕೆ ತೋಟದವರು ಇದನ್ನು ಚೆನ್ನಾಗಿ ಬಲ್ಲರು. ಅಲಗಿಗೆ ಬದಲಾಗಿ ತಿರುಗುವ ನೈಲಾನು ದಾರದಿಂದ ಹುಲ್ಲನ್ನು ಹೊಡೆಯುವ ಉಪಾಯವನ್ನು 1971ರಲ್ಲಿ ಅಮೇರಿಕೆಯ ಜಾರ್ಜ್ ಬಲಾಸ್ ಎಂಬವನು ಕಂಡುಹಿಡಿದನು. ಮೆತ್ತನೆಯ ಹುಲ್ಲಿಗೂ ಕಲ್ಲು ಮತ್ತು ಗಿಡಗಳ ಬುಡಕ್ಕೂ ದಾರವು ಒಳ್ಳೆಯದು. ಒರಟು ಹುಲ್ಲಿಗೂ ಎಳೆಯ ಪೊದೆಗೂ ಮೂರು ಹಲ್ಲಿನ ಅಲಗು ಬೇಕು. ಈ ಯಂತ್ರದ ದೊಡ್ಡ ಗುಣವೇನೆಂದರೆ ಅದು ನೆಲದ ಮೇಲೆ ಉರುಳುವುದಿಲ್ಲ. ಮನುಷ್ಯನು ಎಲ್ಲಿ ಭದ್ರವಾಗಿ ನಿಲ್ಲಬಲ್ಲನೋ ಅಲ್ಲೆಲ್ಲ ಅದು ಕೆಲಸಮಾಡಬಲ್ಲದು. ಇದರಲ್ಲಿಯೂ ಎರಡು ಬಗೆ: ಇಂಜಿನ್ನು ಕೋಲಿನ ತುದಿಗಿರುವುದು ಒಂದು, ಬೆನ್ನಿಗೆ ಹೊರುವುದು ಇನ್ನೊಂದು. ಕಡಿದಾದ ಓರೆಯಲ್ಲಿ ಉದ್ದನೆಯ ಗಟ್ಟಿಕೋಲೂ ಅಗಲವಾದ ಎರಡು ಹಿಡಿಗಳೂ ನೆಲಕ್ಕೆ ತಾಗಿ ತೊಡರುವವು. ಬೆನ್ನಿಗೆ ಹೊರುವ ಬಗೆಯಲ್ಲಿ ಕೋಲು ಬಾಗುವ ಕೊಳವೆಗೆ ಸೇರಿರುವುದರಿಂದ ಬೇಕಾದತ್ತ ತಿರುಗಿಸಬಹುದು. ಇಳಿಜಾರು 15 ಡಿಗ್ರಿಯನ್ನು ಮೀರಿದಲ್ಲಿ ಈ ಬಗೆಯನ್ನೇ ನಾವು ಮೇಲೆಂದು ಎಣಿಸುತ್ತೇವೆ.

ಆದರೆ ಇದು ನಿರಪಾಯವಾದುದೆಂದು ಯಾರೂ ಭಾವಿಸಬಾರದು. ಮಿನಿಟಿಗೆ ಸಾವಿರಾರು ಸುತ್ತು ತಿರುಗುವ ಅಲಗಿಗೆ ಸಿಕ್ಕ ಕಲ್ಲು ಗುಂಡಿನಂತೆ ಹಾರುವುದು. ಆಳಿನ ಸುತ್ತ 50 ಅಡಿಯೊಳಗೆ ಯಾರೂ ನಿಲ್ಲಕೂಡದು. ಇಳಿಜಾರಿನಲ್ಲಿ ಕೆಳಗಡೆಯಂತೂ ಸರ್ವಥಾ ಕೂಡದು. ಕಣ್ಣಿಗೆ ಕನ್ನಡಕ, ಮುಖಕ್ಕೆ ಜಾಳಿಗೆ, ಕಿವಿಗೆ ಮುಚ್ಚಳ, ಮೊಣಕಾಲಿನ ವರೆಗೆ ಕಾಪು, ಹಿಡಿತವುಳ್ಳ ಬೂಟು, ಇವು ಯಂತ್ರದ ಬೆಲೆಯೊಳಗೇ ಸೇರಿದವೆಂದು ಮಾಲಿಕನು ತಿಳಿಯಬೇಕು. ಯಂತ್ರಕ್ಕೆ ಸಾವಿರಗಟ್ಟಲೆ ಹಣವನ್ನು ಸುರಿದು ಕನ್ನಡಕಕ್ಕೆ ಹಿಂದೆಮುಂದೆ ನೋಡುವುದು ನ್ಯಾಯವಲ್ಲ. ಹುಲ್ಲುಹಾಸಿನ ಅಂದವು ಮಾಲಿಕನಿಗೆ, ಆದಾಯವೂ ಮಾಲಿಕನಿಗೆ. ಕಣ್ಣು ಮಾತ್ರ ಆಳಿನದು. ಎಣ್ಣೆಯ ಪ್ರಮಾಣವನ್ನೂ ಅಂದಾಜಿಗೆ ಬಿಡಕೂಡದು: 25ಕ್ಕೆ 1 ಎಂದು ಬರೆದಿದ್ದರೆ ಒಂದು ಲೀಟರು ಪೆಟ್ರೋಲಿಗೆ 40 ಮಿಲಿಲೀಟರು, 50ಕ್ಕೆ 1 ಎಂದಿದ್ದರೆ 20 ಮಿಲಿಲೀಟರು. ಯಂತ್ರವು ಬಿಸಿಯಿರುವಾಗ ಪೆಟ್ರೋಲು ಹಾಕಬಾರದು.

ಇದಕ್ಕೆ ಕೆಲವರು ಆಕ್ಷೇಪಿಸಬಹುದು: "ಹೆಗಲ ಯಂತ್ರದಿಂದ ಹುಲ್ಲು ಒಂದೇ ಮಟ್ಟಕ್ಕೆ ಬರುವುದಿಲ್ಲ, ಕೆಲಸವೂ ನಿಧಾನ, ಬಂದವರ ಕಣ್ಣಿಗೆ ಚೆನ್ನಾಗಿ ಕಾಣುವುದು ಹೇಗೆ?" ಎಂದು. ಮಾತು ಸುಳ್ಳಲ್ಲ. ಮನೆಯ ಮುಂದಿನ ಸಮತಟ್ಟಾದ ಭಾಗಕ್ಕೆ ತಳ್ಳುವ ಯಂತ್ರವನ್ನು ಇಟ್ಟುಕೊಂಡು, ಓರೆಯ ಭಾಗವನ್ನು ಹೆಗಲ ಯಂತ್ರಕ್ಕೆ ಬಿಡಬಹುದು. ಇನ್ನು ಓರೆಯಲ್ಲಿ ಹುಲ್ಲು ತುಸು ಎತ್ತರವಾಗಿಯೇ ಇರಬೇಕು. ಅಲ್ಲಿ ಮೂರು ಅಂಗುಲಕ್ಕಿಂತ ಕೆಳಗೆ ಸವರಬಾರದು. ಒಮ್ಮೆಗೆ ಹುಲ್ಲಿನ ಎತ್ತರದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತೆಗೆಯಲೂಬಾರದು. ನೆಲವನ್ನು ಬೋಳಿಸಿದರೆ ಬೇರು ಸೊರಗುವುದು. ಬೇರು ಸೊರಗಿದ ದಡವನ್ನು ಮುಂದಿನ ಜಡಿಮಳೆಯು ಕೊಚ್ಚಿ ಕಾಳೀ ನದಿಗೆ ಕೊಡುವುದು. ಹೋದ ಹುಲ್ಲು ತಿಂಗಳಲ್ಲಿ ಬರುವುದು. ಹೋದ ಮಣ್ಣು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರದು.

ಇಲ್ಲಿಯೇ ನಮ್ಮ ಮುಖ್ಯವಾದ ಮಾತನ್ನು ಹೇಳಬೇಕಾಗಿದೆ. ಇಳಿಜಾರು 25 ಡಿಗ್ರಿಯನ್ನು ದಾಟಿದಲ್ಲಿ, ಎಂದರೆ ಗಳದ ತುದಿಯಲ್ಲಿ 4 ಅಡಿ 8 ಅಂಗುಲ ಮೀರಿದಲ್ಲಿ, ಯಾವ ಯಂತ್ರವು ಒಳ್ಳೆಯದೆಂಬ ಪ್ರಶ್ನೆಯೇ ಸಲ್ಲದು. ಅಲ್ಲಿ ಹುಲ್ಲುಹಾಸೇ ಇರಬಾರದು. ಅಂಥ ಜಾಗದಲ್ಲಿ ಓರೆಗೆ ಅಡ್ಡವಾಗಿ ಲಾವಂಚದ ಸಾಲುಗಳನ್ನು ನೆಡಬೇಕು. ಇದರ ಬೇರು ಆಳಕ್ಕೆ ನೆಟ್ಟಗೆ ಇಳಿದು ಮಣ್ಣನ್ನು ಹಿಡಿಯುವುದು. ಗುಂಡ್ಲುಪೇಟೆಯ ಕಡೆಯ ಒಕ್ಕಲಿಗರು ಇದನ್ನು ಬಹುಕಾಲದಿಂದ ಹೊಲದ ಬದುಗಳ ಮೇಲೆ ಬೆಳೆಯಿಸುತ್ತ ಬಂದಿದ್ದಾರೆ. ಸಾಲುಗಳ ನಡುವೆ ನಾಡಗಿಡಗಳನ್ನೂ ಪೊದೆಗಳನ್ನೂ ಬಿಡಬಹುದು. ಬೆಳೆದ ಹುಲ್ಲನ್ನು ಮಳೆ ಹಿಂದೆಗೆದ ಮೇಲೆ ಕುಡುಗೋಲಿನಿಂದ ಕೊಯ್ಯಿಸಿ ದನಗಳಿಗೆ ಹಾಕಬಹುದು. ಹಳಿಯಾಳದ ಸೀಮೆಯಲ್ಲಿ ಎಮ್ಮೆಗಳನ್ನು ಸಾಕುವ ಗೌಳಿಗಳಿಗೆ ಹುಲ್ಲಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ನೋಟಕ್ಕಾಗಿ ಕತ್ತರಿಸಿ ಎಸೆಯುವುದಕ್ಕಿಂತ ಮೇವಾಗಿ ಕೊಟ್ಟರೆ ಹುಲ್ಲೂ ಸಾರ್ಥಕ, ಸಂಬಂಧವೂ ಸಾರ್ಥಕ.

ಕೊನೆಯದಾಗಿ, ವರ್ಷಕ್ಕೆ ಹತ್ತು ಹದಿನೈದು ದಿನದ ಕೆಲಸಕ್ಕಾಗಿ ಪ್ರತಿಯೊಬ್ಬರೂ ಒಂದೊಂದು ಯಂತ್ರವನ್ನು ಕೊಂಡು ಉಳಿದ ದಿನಗಳಲ್ಲಿ ತುಕ್ಕು ಹಿಡಿಸುವುದು ಜಾಣತನವಲ್ಲ. ನಮ್ಮ ನಾಡಿನ ಗದಗಿನ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ, ಒಬ್ಬನಿಂದಾಗದ್ದು ಹತ್ತು ಜನರಿಂದಾಗುವುದೆಂದು ತೋರಿಸಿಕೊಟ್ಟರು. ಆ ದಾರಿಯಲ್ಲಿಯೇ ಒಂದು ಊರಿನ ಐದಾರು ಭೂಮಾಲಿಕರು ಕೂಡಿ ಒಂದು ಉತ್ತಮವಾದ ಬೆನ್ನುಯಂತ್ರವನ್ನೂ ಎರಡು ಜೊತೆ ರಕ್ಷಣಾ ಸಾಮಗ್ರಿಗಳನ್ನೂ ಕೊಂಡು, ಇಬ್ಬರು ತರುಣರಿಗೆ ಅದರ ಕೆಲಸವನ್ನು ಕಲಿಸಬಹುದು. ಕಲಿತವರಿಗೆ ಸಾಮಾನ್ಯ ಕೂಲಿಗಿಂತ ಹೆಚ್ಚಿನ ಪಗಾರವನ್ನು ಕೊಡತಕ್ಕದ್ದು. ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು 2014-15ರಿಂದ ನಡೆದುಬಂದಿವೆ. ಅಲ್ಲಿಯೂ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಬಾಡಿಗೆ ಮತ್ತು ಸಹಾಯಧನಗಳ ವಿಚಾರವನ್ನು ಕೇಳಿದ ಬಳಿಕವೇ ಅಂಗಡಿಯ ಮೆಟ್ಟಿಲನ್ನು ಹತ್ತುವುದು ಒಳ್ಳೆಯದು. ಬಿಡಿಭಾಗಗಳು ಹಳಿಯಾಳದಲ್ಲಿಯೋ ಹುಬ್ಬಳ್ಳಿಯಲ್ಲಿಯೋ ದೊರೆಯುವಂಥ ಯಂತ್ರವನ್ನೇ ಆರಿಸಬೇಕು. ಶ್ರಾವಣದಲ್ಲಿ ಕೆಟ್ಟ ಯಂತ್ರಕ್ಕೆ ದೀಪಾವಳಿಗೆ ಬಂದ ಬಿಡಿಭಾಗದಿಂದ ಉಪಯೋಗವೇನು?

ಗ್ರಾಮದ ಮುಖಂಡರಲ್ಲಿ ನಮ್ಮ ವಿನಂತಿಯಿಷ್ಟೇ. ತಾವು ಕೊಂಡದ್ದನ್ನು ನೋಡಿ ಊರವರು ಕೊಳ್ಳುವರು. ತಾವು ಆಳಿಗೆ ಕನ್ನಡಕವನ್ನು ಕೊಟ್ಟರೆ ಊರವರೂ ಕೊಡುವರು. ಆದಕಾರಣ ಈ ಬೇಸಗೆಯಲ್ಲಿಯೇ ಬಿದಿರಿನ ಗಳವನ್ನು ಹಿಡಿದು ತಮ್ಮ ಭೂಮಿಯನ್ನು ಅಳೆಯಿರಿ. 15ರ ಒಳಗೆ ಗಾಲಿ, 25ರ ವರೆಗೆ ಹೆಗಲು, ಅದರಾಚೆಗೆ ಲಾವಂಚ ಮತ್ತು ಕುಡುಗೋಲು ಎಂಬ ಲೆಕ್ಕವನ್ನು ಮನಸ್ಸಿನಲ್ಲಿಡಿರಿ. ಅಷ್ಟಾದರೆ ಹಣವು ಉಳಿಯುವುದು, ದಡವು ಉಳಿಯುವುದು, ಬೆಳಗ್ಗೆ ಕೆಲಸಕ್ಕೆ ಬಂದವನು ಸಂಜೆಗೆ ತನ್ನ ಕಾಲ ಮೇಲೆ ನಡೆದು ಮನೆಗೆ ಹೋಗುವನು.