ಜೇಬುಚಾಕುವಿಗೆ ತೋಟದ ಕೆಲಸ
ಮಡಚುವ ಜೇಬುಚಾಕುವಿನಲ್ಲಿ ಹೆಚ್ಚಿನವರು ಬಳಸದೆ ಬಿಡುವ ಡಬ್ಬಿ ತೆರೆಯುವ ಕೊಕ್ಕೆಯನ್ನು ಸಾಣೆ ಹಿಡಿದು, ಕಣ್ಣುಕಸಿಗೆ ಬೇಕಾದ ತೊಗಟೆ ಬಿಡಿಸುವ ನಾಲಿಗೆಯಾಗಿ ಮಾರ್ಪಡಿಸಬಹುದು. ಕನ್ನಡ ಮನೆಮಾತಿನ ಕಪ್ಪಿಲಿಯರು ನೆಲೆಸಿರುವ ತಮಿಳುನಾಡಿನ ಕಂಬಂ ಕಣಿವೆಯಿಂದ ಹೂವಿನ ಮಾರುಕಟ್ಟೆಗೆ ಹೆಸರಾದ ನಿಲಕ್ಕೋಟೈವರೆಗೆ, ತೋಟದವರ ಜೇಬಿಗೆ ಒಪ್ಪುವ ಸಲಕರಣೆ ಇದು. ಗುಲಾಬಿಯ ಕಾಂಡದಲ್ಲಿ ‘ಟಿ’ ಆಕಾರದ ಗೀರು ಹಾಕಿದ ಮೇಲೆ, ಒಳಗಿನ ಹಸಿ ಪದರ ಗಾಯಗೊಳ್ಳದಂತೆ ತೊಗಟೆಯನ್ನು ಎತ್ತಬೇಕು. ಆದ್ದರಿಂದ ನಾಲಿಗೆ ತೆಳುವಾಗಿರಬೇಕು, ತುದಿ ದುಂಡಗೆ ನುಣುಪಾಗಿರಬೇಕು, ಹರಿತವಂತೂ ಇರಕೂಡದು. ಸಾಣೆ ಹಿಡಿಯುವಾಗ ಉಕ್ಕು ಬಿಸಿಯೇರಿ ನೀಲಿಗಟ್ಟಿದರೆ ಅದರ ಹದ ಕೆಡುತ್ತದೆ. ಸ್ವಲ್ಪ ಉಜ್ಜುವುದು, ನೀರಿಗೆ ಅದ್ದುವುದು, ಮತ್ತೆ ಉಜ್ಜುವುದು ಸರಿಯಾದ ಕ್ರಮ. ಕೀಲಿನ ಬಳಿಯ ಹಿಮ್ಮಡಿಯನ್ನು ಮುಟ್ಟಲೇಬಾರದು, ಏಕೆಂದರೆ ಸ್ಪ್ರಿಂಗು ಒತ್ತುವುದು ಅಲ್ಲಿಯೇ. ಅದು ಸವೆದರೆ ಉಪಕರಣ ಗಟ್ಟಿಯಾಗಿ ನಿಲ್ಲದು, ಸರಿಯಾಗಿ ಮಡಚಿಕೊಳ್ಳದು. ಉಗುರು ಹಾಕಿ ಎಳೆಯುವ ಗೀರೂ ಉಳಿಯಬೇಕು. ಕೈ ಅರದಲ್ಲಿ ಇಂಥ ಸೂಕ್ಷ್ಮ ಕೆಲಸ ಮಾಡಬಲ್ಲವರು, 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಬೀಗಗಳ ಊರು ದಿಂಡಿಗಲ್‌ನಲ್ಲಿ ಇದ್ದೇ ಇದ್ದಾರೆ. ದ್ರಾಕ್ಷಿಯ ಬೆಣೆಕಸಿಗೆ ಮಾತ್ರ ಈ ನಾಲಿಗೆ ಬೇಡ. ಅಲ್ಲಿ ಹರಿತವಾದ ಅಲಗೇ ಸಾಕು.