ಒಂದೇ ನಡೆಯ ಆಟ

ಒಂದೇ ನಡೆಗೆ ಮುಗಿಯುವುದನ್ನು ಆಟವೆನ್ನಬಹುದೆ? 1999ರಲ್ಲಿ ಇಂಗ್ಲೆಂಡಿನ ಸ್ಯಾಮ್ ಬಾರ್ಲೊ ಅವರು ರಚಿಸಿದ ‘ಐಲ್’ ಎಂಬ ಗಣಕಯಂತ್ರದ ಆಟವನ್ನು ಆಡಿ, ಹೀಗೆ ಹುಬ್ಬುಗಂಟಿಕ್ಕುವವರುಂಟು. ಅದರಲ್ಲಿ ಚಿತ್ರಗಳಿಲ್ಲ, ಬರಿಯ ಬರಹ. ರಾತ್ರಿಯ ವೇಳೆ ದೊಡ್ಡ ಅಂಗಡಿಯೊಂದರಲ್ಲಿ, ಪಾಸ್ತಾ ಎಂಬ ಇಟಲಿಯ ತಿನಿಸನ್ನು ಜೋಡಿಸಿಟ್ಟ ಸಾಲಿನೆದುರು ಒಬ್ಬನು ನಿಂತಿದ್ದಾನೆ. ಸಮೀಪದಲ್ಲಿ ಒಬ್ಬ ಹೆಂಗಸು. ಅವನು ಮಾಡಬೇಕಾದ ಒಂದೇ ಒಂದು ಕಾರ್ಯವನ್ನು ಆಟಗಾರನು ಬರೆದು ತಿಳಿಸಬೇಕು. ಉತ್ತರವಾಗಿ ಕೆಲವು ಸಾಲುಗಳು ಮೂಡಿ ಕಥೆ ಮುಗಿಯುತ್ತದೆ. ಬೇಕಾದರೆ ಮತ್ತೆ ಮೊದಲಿನಿಂದ ತೊಡಗಬಹುದು. ಇಂತಹ ಮುಕ್ತಾಯಗಳು ನೂರಕ್ಕೂ ಹೆಚ್ಚು!

ಒಂದರಲ್ಲಿ ಅವನು ರೋಮ್ ನಗರದ ಹಳೆಯ ದಿನಗಳನ್ನು ನೆನೆಯುವ ದುಃಖಿ. ಇನ್ನೊಂದರಲ್ಲಿ ಅಪರಿಚಿತಳ ಮೇಲೆ ಕೈಮಾಡುವ ಕ್ರೂರಿ. ಇವುಗಳಲ್ಲಿ ನಿಜ ಯಾವುದೆಂದು ತಾಳೆ ನೋಡಹೊರಟವರು ಬೇಸರಗೊಳ್ಳುತ್ತಾರೆ. ಎಲ್ಲವೂ ಒಬ್ಬನ ಕಥೆಯಲ್ಲವೆಂದು ಆರಂಭದಲ್ಲಿಯೇ ಹೇಳಿದೆ. ಮುನ್ನುಡಿಯನ್ನು ಓದದೆ ಪುಟ ತಿರುವುವ ಚಾಳಿ ಆಟಗಾರರಿಗೂ ಉಂಟು!

ಆಟವು ತೀರ ಕಿರಿದೆಂಬ ಆಕ್ಷೇಪವಂತೂ ನಿಲ್ಲುವಂಥದಲ್ಲ. ಉದ್ದನೆಯ ಆಟದಲ್ಲಿ ತಪ್ಪುನಡೆಯನ್ನು ಮುಂದಿನ ನಡೆಯಿಂದ ಸರಿಪಡಿಸಬಹುದು. ಇಲ್ಲಿ, ಕೇವಲ ಕುತೂಹಲದಿಂದ ಆ ಹೆಂಗಸನ್ನು ಹೊಡೆಯೆಂದು ಬರೆದವನಿಗೆ ಕ್ಷಮೆ ಕೇಳಲು ಎರಡನೆಯ ನಡೆಯೇ ಇಲ್ಲ. ಮರಳಿ ತೊಡಗಿದರೆ ಅವಳು ಏನೂ ಅರಿಯದವಳಂತೆ ಅಲ್ಲಿಯೇ ನಿಂತಿರುತ್ತಾಳೆ.